ಮುಕ್ಕಾಲಿಯ ಬೆಸುಗೆ

ಮೊದಲ ದಿನ ಗೂಡಿನೊಳಗೆ ಕೂತ ಕೂಡಲೇ ಅವರು ಕೇಳುವುದು ಮೇಷ್ಟ್ರ ಹೆಸರನ್ನಲ್ಲ, ವಯಸ್ಸನ್ನು. ಎದುರಿಗಿರುವವನು ತನಗಿಂತ ದೊಡ್ಡವನೋ ಚಿಕ್ಕವನೋ ಎಂದು ಗೊತ್ತಾಗುವ ತನಕ ಕೊರಿಯಾದವರ ನಾಲಿಗೆ ಹೊರಳುವುದಿಲ್ಲ. ಇಪ್ಪತ್ತಾರು ಎಂದು ರುಫಿನೊ ಹೇಳಿದೊಡನೆ ಎದುರಿನ ತಲೆಯೊಳಗೆ ತಕ್ಕಡಿ ಓಲಾಡಿ ಒಂದು ಕಡೆಗೆ ನಿಲ್ಲುವುದು ಅವನಿಗೆ ಕಾಣುತ್ತಿತ್ತು. ಆಮೇಲೆ ನಗು, ಆಮೇಲೆ ತಲೆ ಬಾಗಿಸುವುದು, ಆಮೇಲೆ ಪಾಠ.

ಕೊರಿಯಾದವರು ಕಡಲು ದಾಟಿ ಬಂದು, ಅಲ್ಲೇ ತಂಗಿ ಕಲಿಯುತ್ತಿದ್ದ ಬಾಗಿಯೊ ಊರಿನ ಆ ಇಂಗ್ಲಿಷ್ ಶಾಲೆ ಮೊದಲು ಹೋಟೆಲ್ಲಾಗಿತ್ತು. ಬೋಂಗ್ ಎಂಬ ಕೊರಿಯಾದ ಮ್ಯಾನೇಜರ್ ಬಂದು ಒಂದೊಂದು ಮಹಡಿಯನ್ನೂ ಪ್ಲೈವುಡ್ಡಿನಿಂದ ಕೊಯ್ದು ಗೂಡು ಗೂಡು ಮಾಡಿಸಿದ. ಒಂದು ಗೂಡಿಗೆ ಒಬ್ಬ ಮೇಷ್ಟ್ರು, ಒಬ್ಬ ವಿದ್ಯಾರ್ಥಿ, ಐವತ್ತು ನಿಮಿಷ. ಗಂಟೆ ಹೊಡೆದರೆ ವಿದ್ಯಾರ್ಥಿ ಎದ್ದು ಹೋಗಿ ಇನ್ನೊಬ್ಬ ಬರುತ್ತಾನೆ, ಮೇಷ್ಟ್ರು ಕೂತಲ್ಲೇ. ದಿನಕ್ಕೆ ಎಂಟು ಮಂದಿ. ಕಟ್ಟಡದೊಳಗೆ ಯಾರೂ ಕೊರಿಯನ್ ಮಾತಾಡುವಂತಿಲ್ಲ, ಆಡಿದರೆ ಭಾನುವಾರ ಹೊರಗೆ ಬಿಡುವುದಿಲ್ಲ. ದೂರು ಕೊಡುವುದಿದ್ದರೂ ಇಂಗ್ಲಿಷಿನಲ್ಲೇ ಬರೆದು ಪೆಟ್ಟಿಗೆಗೆ ಹಾಕಬೇಕು.

ಸೇರಿದ ಹೊಸದರಲ್ಲಿ ರುಫಿನೊನಿಗೆ ಆ ನಗುವಿನ ಮೇಲೆ ಬಹಳ ನಂಬಿಕೆಯಿತ್ತು. ಒಬ್ಬ ಹುಡುಗಿ ಶುಕ್ರವಾರ ಎರಡೂ ಕೈಯಲ್ಲಿ ಹಿಡಿದು ಶುಂಠಿ ಮಿಠಾಯಿಯ ಪೊಟ್ಟಣ ಕೊಟ್ಟಳು. "ಟೀಚರ್, ನಿಮ್ ಪಾಠ ತುಂಬ ಇಷ್ಟ" ಅಂದಳು. ಅವನು ಆ ಮಿಠಾಯಿಯನ್ನು ಇಟೊಗೊನ್ ಎಂಬ ಗಣಿಯೂರಿನ ತನ್ನ ಮನೆಗೆ ಒಯ್ದು ಅವ್ವನಿಗೆ ತಿನ್ನಿಸಿದ. ಸೋಮವಾರ ಗೋಡೆಯ ಮೇಲಿನ ಪಟ್ಟಿಯಲ್ಲಿ ಅವಳ ಹೆಸರು ಬೇರೆ ಗೂಡಿಗೆ ಹೋಗಿತ್ತು. ಕಾರಣ ಬರೆದಿದ್ದಳು: ಮೇಷ್ಟ್ರ ಅಂಗಿ ಸೌದೆ ಹೊಗೆಯ ವಾಸನೆ ಹೊಡೆಯುತ್ತದೆ.

ಹೊಡೆಯದೆ ಇನ್ನೇನು? ಅವನ ಮನೆಯಲ್ಲಿ ಒಲೆ ಇತ್ತು, ಒಲೆಯ ಮೇಲೆ ಹಂದಿಮಾಂಸ ಹೊಗೆಗೆ ತೂಗಾಡುತ್ತಿತ್ತು, ಅವನ ಅಂಗಿ ಅದರ ಪಕ್ಕದಲ್ಲೇ ಒಣಗುತ್ತಿತ್ತು. ಮುಖಕ್ಕೆ ಹೇಳಿದ್ದರೆ ಅಂಗಿಯನ್ನು ಹೊರಗೆ ಒಣಹಾಕುತ್ತಿದ್ದ. ಮುಖದ ಮುಂದೆ ಮಿಠಾಯಿ, ಬೆನ್ನ ಹಿಂದೆ ಚೀಟಿ. ಅವತ್ತಿನಿಂದ ಯಾರು ತಲೆ ಬಾಗಿಸಿದರೂ ರುಫಿನೊ ಆ ಬಾಗಿದ ತಲೆಯ ಹಿಂದೆ ಚೀಟಿಯನ್ನೇ ಹುಡುಕುತ್ತಿದ್ದ. ಮೇಷ್ಟ್ರುಗಳ ಊಟದ ಮೇಜಿನಲ್ಲಿ, "ಇವ್ರು ಮನುಷ್ಯರಲ್ಲ, ನಗೋ ಗೋಡೆಗಳು" ಎಂದು ಹೇಳಿ ಎಲ್ಲರನ್ನೂ ನಗಿಸುತ್ತಿದ್ದ.

ಚೀಟಿಗೆ ಹೆದರಲು ಅವನಿಗೆ ಉಳಿದವರಿಗಿಂತ ಹೆಚ್ಚಿನ ಕಾರಣವಿತ್ತು. ಅವನು ಕಾಲೇಜು ಮುಗಿಸಿರಲಿಲ್ಲ. ಎರಡನೇ ವರ್ಷದಲ್ಲಿ ಅಪ್ಪನ ಮೇಲೆ ಗಣಿಯ ಸುರಂಗ ಕುಸಿಯಿತು. ಪುಸ್ತಕ ಮಾರಿ ಶವ ಮನೆಗೆ ತಂದರು. ಶಾಲೆಯ ನಿಯಮದಲ್ಲಿ ಪದವಿ ಇಲ್ಲದವನಿಗೆ ಗೂಡಿಲ್ಲ. ಮುಖ್ಯ ಉಪಾಧ್ಯಾಯಿನಿ ಪೆಟ್ರಾ ಅವನ ಮಾತು ಕೇಳಿ, ಕಡತದಲ್ಲಿ ಪದವಿ ಪತ್ರದ ಜಾಗದಲ್ಲಿ 'ಆಮೇಲೆ ಸಲ್ಲಿಸುವರು' ಎಂದು ಪೆನ್ಸಿಲ್ಲಿನಲ್ಲಿ ಬರೆದು ಒಳಗೆ ಬಿಟ್ಟುಕೊಂಡಿದ್ದಳು.

"ನಿನ್ ಬಾಯೇ ನಿನ್ ಸರ್ಟಿಫಿಕೇಟು ಕಣೋ," ಅಂದಿದ್ದಳು. "ಆರು ತಿಂಗ್ಳು ಬಾಯ್ತುಂಬ ಪಾಠ ಮಾಡು. ಈ ವಿಷಯಕ್ಕೆ ಮಾತ್ರ ಬಾಯಿ ಮುಚ್ಕೊಂಡಿರು. ಕಾಯಂ ಆದ್ಮೇಲೆ ಬೋಂಗ್ ಏನೂ ಕಿತ್ಕೊಳ್ಳೋಕಾಗಲ್ಲ."

"ಸರಿ ಮನಾಂಗ್," ಎಂದಿದ್ದ. ಅಕ್ಕ ಎಂದು ಕರೆಸಿಕೊಳ್ಳುವವರ ಮಾತು ಮೀರುವುದುಂಟೆ?

ಆರು ತಿಂಗಳು ತುಂಬಿದರೆ ಕಾಯಂ. ಅದರೊಳಗೆ ಯಾರಾದರೂ ಆ ಪೆನ್ಸಿಲ್ ಗೆರೆಯನ್ನು ಉಗುರಿನಿಂದ ಕೆರೆದರೆ ಮತ್ತೆ ಅಪ್ಪ ಸತ್ತ ಸುರಂಗವೇ. ಓದಿದವರ ಲೋಕ ಇರುವುದೇ ಹಾಗೆ. ಕಲಿಸಲು ಬರುತ್ತದೋ ಎಂದು ಅದು ಕೇಳುವುದಿಲ್ಲ, ಕಲಿತ ಕಾಗದ ಎಲ್ಲಿ ಎಂದು ಕೇಳುತ್ತದೆ.

ಮೂರನೇ ತಿಂಗಳಲ್ಲಿ ತಕ್ ಮ್ಯೊಂಗ್-ಗಿಲ್ ಎಂಬಾತ ಬಂದ. ಐವತ್ತನಾಲ್ಕು ವರ್ಷ, ಶಾಲೆಯಲ್ಲೇ ಎಲ್ಲರಿಗಿಂತ ಹಿರಿಯ. ಕಾಲೇಜು ಹುಡುಗರು ಅವನನ್ನು ದೊಡ್ಡಣ್ಣ ಎಂದು ಕರೆಯುತ್ತಿದ್ದರು. ಅವನು ಚಮಚ ಎತ್ತುವ ತನಕ ಯಾರೂ ಅನ್ನಕ್ಕೆ ಕೈ ಹಾಕುತ್ತಿರಲಿಲ್ಲ. ಹಡಗು ಕಟ್ಟುವ ಕಂಪನಿಯಲ್ಲಿ ವಿಭಾಗದ ಮುಖ್ಯಸ್ಥನಾಗಿದ್ದು ನಿವೃತ್ತನಾದವನಂತೆ, ಇಂಜಿನಿಯರಂತೆ. ದಿನದ ಎಂಟರಲ್ಲಿ ಎರಡು ಪಾಠ ಅವನವು.

ಆತ ವಯಸ್ಸು ಕೇಳಲಿಲ್ಲ. ಕೈಗಳನ್ನು ಮೇಜಿನ ಮೇಲೆ ಇಟ್ಟ. ಬೆರಳಿನ ತುದಿಯಿಂದ ಮೊಣಕೈ ತನಕ ಕಿಡಿ ಹಾರಿ ಸುಟ್ಟ ಸಣ್ಣ ಸಣ್ಣ ಬಿಳಿ ಕಲೆಗಳು. ರುಫಿನೊ ಅವನ್ನೇ ನೋಡಿದ. ಗಣಿಯ ಊರಿನವನಿಗೆ ಕೈ ಓದಲು ಬರುವುದಿಲ್ಲವೆ? ಇವು ಕಡತ ಹಿಡಿದ ಕೈಗಳಲ್ಲ.

"ಟೀಚರ್," ಆತ ಒಂದೊಂದೇ ಪದ ಹೆಕ್ಕಿದ, "ನಾನು ಕೆಟ್ಟ ವಿದ್ಯಾರ್ಥಿ. ನೀವು ನಂಗೆ ಬೈಬೇಕು."

ಇದು ಹೊಸ ಬಗೆಯ ಮಿಠಾಯಿ ಎಂದುಕೊಂಡ ರುಫಿನೊ. ವಾರದ ಕೊನೆಗೆ, ವಿದ್ಯಾರ್ಥಿಗಳು ಮೇಷ್ಟ್ರಿಗೆ ಹಾಕುವ ಅಂಕದ ಹಾಳೆಯನ್ನು ಹೆದರುತ್ತಲೇ ನೋಡಿದರೆ ಎಲ್ಲದಕ್ಕೂ ಐದಕ್ಕೆ ಐದು. ಕೊರತೆಗಳು ಎಂಬಲ್ಲಿ ಒಂದೇ ಸಾಲು: 'ಬೈಯುವುದು ಸಾಲದು.'

ಅವತ್ತು ರುಫಿನೊ ಗೂಡಿನಲ್ಲಿ ಒಬ್ಬನೇ ಕೂತು ನಕ್ಕ. ಮರುದಿನದಿಂದ ಬೈದ.

ತಕ್ ಅವರಿಗೆ ನಾರ್ವೆಯ ಒಂದು ಹಡಗುಕಟ್ಟೆಯಲ್ಲಿ ಬೆಸುಗೆ ತಪಾಸಣೆಯ ಕೆಲಸಕ್ಕೆ ಅರ್ಜಿ ಹಾಕಬೇಕಿತ್ತು. ಸಂದರ್ಶನ ಇಂಗ್ಲಿಷಿನಲ್ಲಿ. ಪುಸ್ತಕದಲ್ಲಿದ್ದದ್ದೋ ವಿಮಾನ ನಿಲ್ದಾಣ, ಹವಾಮಾನ, ನನ್ನ ಪ್ರೀತಿಯ ಬಣ್ಣ. ಐವತ್ತನಾಲ್ಕರ ಮನುಷ್ಯನಿಗೆ ಬಣ್ಣ ಕಟ್ಟಿಕೊಂಡು ಏನಾಗಬೇಕು? ರುಫಿನೊ ಪುಸ್ತಕ ಮುಚ್ಚಿದ. ತನ್ನೂರಿನಲ್ಲಿ ಜೀಪ್ನಿ ಎಂಬ ಬಾಡಿಗೆ ಗಾಡಿಗಳನ್ನು ರಿಪೇರಿ ಮಾಡುವ ಶೆಡ್ಡಿನಿಂದ ಬೆಸುಗೆ ಹಾಕಿದ ತುಂಡು ಕಬ್ಬಿಣಗಳನ್ನು ಚೀಲದಲ್ಲಿ ಹೊತ್ತು ತಂದು ಮೇಜಿನ ಮೇಲೆ ಸುರಿದ. ಇದೇನು, ಇದು ಯಾಕೆ ಹೀಗಾಗಿದೆ, ಇದನ್ನು ಯಾಕೆ ತಿರಸ್ಕರಿಸುತ್ತೀರಿ, ಹೇಳಿ. ತಕ್ ಅವರ ಕಣ್ಣಿಗೆ ಜೀವ ಬಂತು, ನಾಲಿಗೆಗೂ.

"ನೋಡಿ ಮನೋಂಗ್," ಅಂದ ರುಫಿನೊ. ಅಷ್ಟರಲ್ಲಿ ಅವರು ಅವನಿಗೆ ಅಣ್ಣ ಆಗಿಬಿಟ್ಟಿದ್ದರು. "ಮೊದಲು ವಿಷಯ ಹೇಳಿ. ಆಮೇಲೆ ಅದಕ್ಕೊಂದು ಪುರಾವೆ. ಕೊನೇಲಿ ಏನು ಆಗ್ಬೇಕು ಅನ್ನೋದು. ಮೂರೇ ಕಾಲು. ಇದ್ರ ಮೇಲೆ ಯಾವ ಮಾತು ಬೇಕಾದ್ರೂ ಕೂರಿಸ್ಬೋದು, ಅಲ್ಲಾಡಲ್ಲ."

ಇಬ್ಬರೂ ಸೇರಿ ಒಂದು ಸಾಲು ಕಟ್ಟಿದರು. ಕಟ್ಟಲು ಮೂರು ದಿನ ಹಿಡಿಯಿತು. ಬೆಸುಗೆ ಹೊರಗಿನಿಂದ ಎಷ್ಟೇ ಚೆಂದ ಕಂಡರೂ ಒಳಗೆ ಪೊಳ್ಳಿರಬಹುದು, ನೋಡಿದವನು ಮುಚ್ಚಿಡಬಾರದು. ತಕ್ ಅದನ್ನು ಮೆಟ್ಟಿಲು ಹತ್ತುತ್ತಾ, ಹಲ್ಲುಜ್ಜುತ್ತಾ ಹೇಳಿಕೊಳ್ಳುತ್ತಿದ್ದರು.

ಒಂದು ಪ್ರಶ್ನೆಗೆ ಮಾತ್ರ ಅವರ ಬಾಯಿ ಬೀಗ ಹಾಕಿಕೊಳ್ಳುತ್ತಿತ್ತು. ನೀವು ಸೋತ ಒಂದು ಸಂದರ್ಭ ಹೇಳಿ.

"ನಮ್ಮಲ್ಲಿ ಇದನ್ನ ಹೊರಗಿನೋರ ಮುಂದೆ ಹೇಳಲ್ಲ."

"ನಾರ್ವೆಯೋರು ಕೇಳೇ ಕೇಳ್ತಾರೆ. ಇನ್ನೊಬ್ರ ತಲೆ ಮೇಲೆ ಹಾಕ್ಬೇಡಿ, ಅವ್ರಿಗೆ ಹಿಡಿಸಲ್ಲ. ಒಂದೇ ಒಂದು ನಿಜ ಹೇಳಿ ಸಾಕು."

"ಒಂದು ನಿಜ," ಎಂದು ತಕ್ ಕಬ್ಬಿಣದ ತುಂಡನ್ನು ಮಗುಚಿ ನೋಡುತ್ತಾ ಕೂತರು.

ನಾಲ್ಕನೇ ತಿಂಗಳ ಒಂದು ಭಾನುವಾರ ರುಫಿನೊ ಅವರನ್ನು ಇಟೊಗೊನ್‌ಗೆ ಕರೆದುಕೊಂಡು ಹೋದ. ಯಾವ ಮೇಷ್ಟ್ರೂ ಯಾವ ವಿದ್ಯಾರ್ಥಿಯನ್ನೂ ಮನೆಗೆ ಕರೆಯುತ್ತಿರಲಿಲ್ಲ. ತಗಡಿನ ಮನೆ ತೋರಿಸಲು ಯಾರಿಗೆ ಇಷ್ಟ? ಒಳಗೆ ಕಾಲಿಟ್ಟ ತಕ್ ಮೂಗು ಅರಳಿಸಿ ಹೊಗೆ ಎಳೆದುಕೊಂಡು, "ನಮ್ಮವ್ವನ ಅಡುಗೆಮನೆ" ಅಂದರು. ರುಫಿನೊ ಬೇರೆ ಕಡೆ ನೋಡಿದ. ಶುಂಠಿ ಮಿಠಾಯಿಯ ಕಹಿ ಅವನ ಬಾಯಿಂದ ಹೋದದ್ದು ಅವತ್ತೇ.

ಅವ್ವನ ಒಲೆಯ ಕಬ್ಬಿಣದ ಮುಕ್ಕಾಲಿಯ ಒಂದು ಕಾಲು ಮುರಿದು, ಆ ಕಾಲಿನ ಕೆಳಗೆ ಕಲ್ಲು ಕೊಟ್ಟಿದ್ದರು. ತಕ್ ಅದನ್ನು ಎತ್ತಿಕೊಂಡು ಜೀಪ್ನಿ ಶೆಡ್ಡಿಗೆ ನಡೆದೇಬಿಟ್ಟರು. ಯಾರದೋ ಕಪ್ಪು ಕನ್ನಡಕ ಇಸಕೊಂಡು, ಗಾಜಿನ ಹಿಂದೆ ಕಣ್ಣು ಕಿರಿದು ಮಾಡಿ ಕುಕ್ಕುರುಗಾಲಲ್ಲಿ ಕೂತರು. ಶೆಡ್ಡಿನವರೆಲ್ಲ ಕೆಲಸ ಬಿಟ್ಟು ಸುತ್ತ ನಿಂತರು. ಬೆಸುಗೆಯ ಗೆರೆ ಹೆಣೆದ ಜಡೆಯ ಹಾಗೆ ಒಂದೇ ಸಮ ಬಂತು. "ಎಲ್ಲಿಂದ ಹಿಡ್ಕೊಂಡು ಬಂದ್ಯೋ ಇವ್ರನ್ನ? ಇಲ್ಲೇ ಬಿಟ್ಟು ಹೋಗು" ಅಂದ ಶೆಡ್ಡಿನ ಯಜಮಾನ.

ಅವ್ವ ಕೋಳಿ ಬೇಯಿಸಿದಳು. ಊಟವಾದ ಮೇಲೆ ಹೊಸ್ತಿಲ ಮೇಲೆ ಕೂತು ಜಿನ್ ಸುರಿದುಕೊಂಡರು. ರುಫಿನೊ ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿ ಕುಡಿದ. ದೊಡ್ಡವರ ಮುಂದೆ ಕುಡಿಯುವಾಗ ಚಿಕ್ಕವರು ಹಾಗೆ ಮಾಡಬೇಕೆಂದು ಶಾಲೆಯ ಹುಡುಗರನ್ನು ನೋಡಿ ಕಲಿತಿದ್ದ. ತಿರುಗಿ ನೋಡಿದರೆ ತಕ್ ಕೂಡ ಆ ಕಡೆಗೆ ಮುಖ ತಿರುಗಿಸಿ ಕುಡಿಯುತ್ತಿದ್ದರು.

"ನೀವ್ಯಾಕೆ ಮನೋಂಗ್?"

"ವಯಸ್ಸಲ್ಲಿ ನೀವು ಚಿಕ್ಕೋರು. ಆದ್ರೆ ಮೇಷ್ಟ್ರು. ಮೇಷ್ಟ್ರು ಯಾವಾಗ್ಲೂ ಮೇಲೆ."

ಅವ್ವ ಒಳಗಿನಿಂದ ನೋಡಿ ನಕ್ಕಳು. "ಇದೇನೋ, ಇಬ್ರೂ ಜಗಳ ಆಡಿದ ಗಂಡ ಹೆಂಡ್ತಿ ಥರ ಕೂತಿದೀರಿ." ರುಫಿನೊ ಅದನ್ನು ತಕ್ ಅವರಿಗೆ ತಿಳಿಸಿ ಹೇಳಿದ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಗು ನಿಂತ ಮೇಲೆ ಅವರು ಕೈ ಚಾಚಿ ತೋರಿಸಿದರು. "ನಾನು ಇಂಜಿನಿಯರ್ ಅಲ್ಲ. ಹದಿನಾರಕ್ಕೆ ಶಾಲೆ ಬಿಟ್ಟೆ. ಬೆಸುಗೆ ಹಾಕೋನು. ಕಂಪ್ನಿ ಬೇಡ ಅಂತು, ಬಂದೆ. ಹುಡುಗ್ರಿಗೆ ಸುಳ್ಳು ಹೇಳಿದೀನಿ. ನಮ್ಮ ಕಡೆ ಕಾಲೇಜು ಓದದೋನು ಅರ್ಧ ಮನುಷ್ಯ."

"ನಮ್ಮ ಕಡೇನೂ ಅಷ್ಟೆ," ಅಂದ ರುಫಿನೊ. ಇಷ್ಟಕ್ಕೇ ನಿಲ್ಲಿಸಬೇಕಿತ್ತು. ಪೆಟ್ರಾಳ ಮಾತು ನೆನಪಾಗಬೇಕಿತ್ತು. ಆದರೆ ಒಬ್ಬ ತನ್ನ ಗುಟ್ಟು ತೆಗೆದು ಮುಂದಿಟ್ಟಾಗ ಕೈಮುಚ್ಚಿ ಕೂರುವುದು ಇಟೊಗೊನ್‌ನವರಿಗೆ ಬರುವುದಿಲ್ಲ. ಅದು ಬಟ್ಟಲಿಗೆ ಬಟ್ಟಲು ಸುರಿಯುವ ಊರು. ಹೇಳಿಬಿಟ್ಟ. ಎರಡನೇ ವರ್ಷ, ಸುರಂಗ, ಪೆನ್ಸಿಲ್ಲಿನ ಸಾಲು, ಎಲ್ಲ. "ನನ್ ಪದವಿ 'ಆಮೇಲೆ' ಬರುತ್ತೆ ಮನೋಂಗ್. ನಾಲ್ಕು ತಿಂಗಳಿಂದ ಬರ್ತಾನೇ ಇದೆ."

ತಕ್ ಅವನ ಭುಜದ ಮೇಲೆ ಕೈಯಿಟ್ಟರು. ಬೆಟ್ಟದ ಮೇಲೆ ಇನ್ನೂ ಬಿಸಿಲಿತ್ತು.

ಅವತ್ತಿನಿಂದ ಮೇಷ್ಟ್ರುಗಳ ಮೇಜಿನಲ್ಲಿ ಯಾರಾದರೂ ಕೊರಿಯಾದವರನ್ನು ಆಡಿಕೊಂಡರೆ ರುಫಿನೊ ತಟ್ಟೆ ಎತ್ತಿಕೊಂಡು ಎದ್ದು ಹೋಗುತ್ತಿದ್ದ. "ನೀವು ಅವ್ರ ಕೈ ನೋಡಿದೀರಾ? ಬರೀ ಬಾಯಿ ನೋಡ್ತೀರಿ" ಎನ್ನುತ್ತಿದ್ದ. ಹಿಂದೆ ಅದೇ ಮೇಜಿನಲ್ಲಿ ನಗೋ ಗೋಡೆಗಳು ಅಂದವನು ಇವನೇ. ಚೀಟಿ ಬರೆದ ಆ ಹುಡುಗಿಯ ಮೇಲೂ ಸಿಟ್ಟು ಇಳಿದಿತ್ತು. ಪಾಪ, ಮುಖಕ್ಕೆ ಹೇಳಿ ಗೊತ್ತಿಲ್ಲದವರು, ಅವರ ಊರಿನಲ್ಲಿ ಹಾಗೆ ಕಲಿಸಿಲ್ಲ ಎಂದುಕೊಂಡ.

ತಿಂಗಳಿಗೊಮ್ಮೆ ಎಲ್ಲರೆದುರು ಅಣಕು ಸಂದರ್ಶನ ನಡೆಯುತ್ತಿತ್ತು. ಹೊರಗಿನಿಂದ ಒಬ್ಬ ಪರೀಕ್ಷಕ ಬರುತ್ತಾನೆ; ಅಂಕ ಅವತ್ತೇ ಗೋಡೆಗೆ. ಐದನೇ ತಿಂಗಳ ಕೊನೆಯಲ್ಲಿ ತಕ್ ಹೆಸರು ಕೊಟ್ಟರು.

"ಈ ಸಲ ಬೇಡ ಮನೋಂಗ್. ಇನ್ನೊಂದು ತಿಂಗ್ಳು."

"ಹುಡುಗ್ರು ಕೊಟ್ಟಿದಾರೆ. ದೊಡ್ಡಣ್ಣ ಕೊಡದೆ ಇದ್ರೆ ಹೇಗೆ?"

ಬುಧವಾರ ರುಫಿನೊ ಊಟದ ಮನೆಯ ಬಾಗಿಲ ಬಳಿ ನಿಂತು ಕೇಳಿದ. ಬೆಸುಗೆಯ ಮಾತು ಚೆನ್ನಾಗಿಯೇ ಬಂತು. ಆಮೇಲೆ ಪರೀಕ್ಷಕ ಕೇಳಿದ: ನೀವು ಸೋತ ಒಂದು ಸಂದರ್ಭ ಹೇಳಿ. ತಕ್ ಅವರ ಕಿವಿ ಕೆಂಪಾಯಿತು. ಸುತ್ತ ನಲವತ್ತು ಹುಡುಗ ಹುಡುಗಿಯರು. ಪರೀಕ್ಷಕ ಇನ್ನೊಮ್ಮೆ ಕೇಳಿದ. ತಕ್ ಎದ್ದು, ತಲೆ ಬಾಗಿಸಿ, ಕೂತರು. ಹತ್ತಕ್ಕೆ ಎರಡು. ಹುಡುಗರ ಮುಂದಾಳು ಗ್ಯುತೇಗೆ, ಇಪ್ಪತ್ತಮೂರು ವರ್ಷದವನಿಗೆ, ಎಂಟು.

ಗುರುವಾರ ತಕ್ ಪಾಠಕ್ಕೆ ಬಂದರೂ ಮೇಜನ್ನೇ ನೋಡುತ್ತಿದ್ದರು. ಶುಕ್ರವಾರ ಬರಲಿಲ್ಲ, ಹೊಟ್ಟೆನೋವಂತೆ. ರುಫಿನೊ ಸಂಜೆ ಬೇಯಿಸಿದ ಗೆಣಸು, ಶುಂಠಿ ಕಷಾಯ ತಂದು ಅವರ ಕೋಣೆಯ ಬಾಗಿಲಲ್ಲಿಟ್ಟು, ಬಾಗಿಲು ತಟ್ಟದೆ ಹೋದ. ಸೋತವನ ಮುಖ ನೋಡಬಾರದು ಎಂದು.

ಸೋಮವಾರ ಗೋಡೆಯ ಪಟ್ಟಿಯಲ್ಲಿ ರುಫಿನೊನ ಹೆಸರಿನ ಮುಂದೆ ಎಂಟು ಮನೆಗಳೂ ಖಾಲಿ.

ತಪ್ಪು ಅಚ್ಚಾಗಿದೆ ಎಂದುಕೊಂಡು ಪೆಟ್ರಾಳ ಕೋಣೆಗೆ ಹೋದ. ಅವಳು ಕುರ್ಚಿ ತೋರಿಸಲಿಲ್ಲ. ಒಂದು ಹಾಳೆಯನ್ನು ಮೇಜಿನ ಮೇಲೆ ಅವನ ಕಡೆಗೆ ತಳ್ಳಿದಳು.

"ಯಾರ್ ಹತ್ರ ಬಾಯಿ ಬಿಟ್ಟೆ?"

ಹಾಳೆಯಲ್ಲಿ ದಪ್ಪ ಅಕ್ಷರ, ಕಬ್ಬಿಣದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುವವರ ಅಕ್ಷರ.

'ಮಾನ್ಯ ಮ್ಯಾನೇಜರ್ ಅವರಿಗೆ. ನಮ್ಮ ಮೇಷ್ಟ್ರನ್ನು ಬದಲಾಯಿಸಬೇಕೆಂದು ಕೇಳಲು ಬರೆಯುತ್ತಿದ್ದೇನೆ. ಅವರು ಕಾಲೇಜು ಮುಗಿಸಿದವರಲ್ಲ. ಇದನ್ನು ಅವರೇ ನನಗೆ ಹೇಳಿದ್ದಾರೆ. ಬೆಸುಗೆ ಹೊರಗಿನಿಂದ ಎಷ್ಟೇ ಚೆಂದ ಕಂಡರೂ ಒಳಗೆ ಪೊಳ್ಳಿರಬಹುದು, ನೋಡಿದವನು ಮುಚ್ಚಿಡಬಾರದು. ದಯವಿಟ್ಟು ಕಡತ ತೆರೆದು ನೋಡಿ.'

ಕೆಳಗೆ ಏಳು ಸಹಿ, ವಯಸ್ಸಿನ ಕ್ರಮದಲ್ಲಿ. ಮೊದಲನೆಯದು ತಕ್‌ನದು. ರುಫಿನೊನ ಪಟ್ಟಿಯಲ್ಲಿದ್ದ ಏಳು ಮಂದಿಯಲ್ಲಿ ಒಬ್ಬರೂ ಬಿಟ್ಟಿರಲಿಲ್ಲ.

ರುಫಿನೊನ ಕೈ ಜೇಬಿನ ಕೆಂಪು ಪೆನ್ನಿಗೆ ಹೋಗಿತ್ತು. ಅಭ್ಯಾಸ. ಮೇಲಿನಿಂದ ಕೆಳಕ್ಕೆ ಎರಡು ಸಲ ಓದಿದ. ತಿದ್ದಲು ಏನೂ ಇರಲಿಲ್ಲ. ಮೊದಲು ವಿಷಯ, ಆಮೇಲೆ ಪುರಾವೆ, ಕೊನೆಗೆ ಆಗಬೇಕಾದದ್ದು. ಮೂರೂ ಕಾಲು ನೆಲಕ್ಕೆ ಊರಿತ್ತು, ಮೇಲೆ ಅವನನ್ನು ಕೂರಿಸಿ ಕೆಳಗೆ ಬೆಂಕಿ ಹಾಕಿದ್ದರು.

"ಗುರುವಾರ ಊಟದ ಮನೇಲಿ ಆ ಗ್ಯುತೇ ಕೇಳಿದನಂತೆ," ಪೆಟ್ರಾ ಹೇಳಿದಳು. "ದೊಡ್ಡಣ್ಣ, ನಿಮಗೆ ದಿನಕ್ಕೆ ಎರಡು ಪಾಠ, ನಮಗೆ ಒಂದೇ. ಆದ್ರೂ ನಿಮಗ್ಯಾಕೆ ಎರಡೇ ಅಂಕ ಅಂತ. ನಗ್ತಾ ಕೇಳಿದ್ನಂತೆ. ನಿನ್ ದೊಡ್ಡಣ್ಣ ಏನಂದ ಗೊತ್ತಾ? ನನ್ ಮೇಷ್ಟ್ರು ಕಾಲೇಜೇ ಓದಿಲ್ಲ, ನಾನೇನ್ ಮಾಡ್ಲಿ ಅಂದ. ಅಷ್ಟೆ. ದೊಡ್ಡೋನು ಅಂದ್ಮೇಲೆ ಚಿಕ್ಕೋರು ಇಲ್ಲ ಅಂತಾರಾ? ಅವ್ನೇ ಬರೀಬೇಕು ಅಂದ್ರು, ಬರ್ದ. ಬೋಂಗ್ ಕಡತ ತರಿಸ್ಕೊಂಡ. ನನಗೂ ಬೈದ."

"ಇನ್ನು ಮೂರು ವಾರ ಇತ್ತು ಮನಾಂಗ್."

"ಶುಕ್ರವಾರದ ತನಕ ಬಂದು ಕೂತ್ಕೋ. ಆಮೇಲೆ ಬೇಡ." ಪೆಟ್ರಾ ಹಾಳೆಯನ್ನು ಎತ್ತಿ ಕಡತಕ್ಕೆ ಸೇರಿಸುತ್ತಾ, "ಪಾಠ ಮಾತ್ರ ಚೆನ್ನಾಗೇ ಹೇಳ್ಕೊಟ್ಟಿದೀಯ ಬಿಡು," ಅಂದಳು. ಅವಳು ಅದನ್ನು ಚುಚ್ಚಲು ಹೇಳಿದಳೋ ಸಮಾಧಾನಕ್ಕೋ, ಎರಡೂ ಒಂದೇ ಕಡೆ ನಾಟಿತು.

ನಾಲ್ಕು ದಿನ ಅವನು ಖಾಲಿ ಗೂಡಿನಲ್ಲಿ ಕೂತ. ಗಂಟೆ ಹೊಡೆಯುತ್ತಿತ್ತು, ಯಾರೂ ಬರುತ್ತಿರಲಿಲ್ಲ. ಪ್ಲೈವುಡ್ಡಿನ ಆಚೆ ಬದಿಯಲ್ಲಿ ತಕ್‌ನ ದನಿ ಕೇಳುತ್ತಿತ್ತು, ಪದವಿ ಇರುವ ಮೇಷ್ಟ್ರ ಹತ್ತಿರ ಹವಾಮಾನದ ಬಗ್ಗೆ ಮಾತಾಡುತ್ತಿದ್ದ. ಕಾರಿಡಾರಿನಲ್ಲಿ ಎದುರಾದಾಗ ಆತ ನಡು ಬಾಗಿಸಿ ವಂದಿಸುತ್ತಿದ್ದ, ಎಂದಿಗಿಂತ ಆಳವಾಗಿ. ಉಂಡ ಮನೆಯ ಗಳ ಎಣಿಸಿದವನು. ರುಫಿನೊ ಒಂದೇ ಮಾತನ್ನು ತನ್ನೊಳಗೆ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದ: ನಿನ್ನ ಗುಟ್ಟೂ ನನ್ನ ಹತ್ತಿರ ಇದೆ. ನನ್ನದು ಇಷ್ಟಕ್ಕೆ ಮಾರಿದೆಯಲ್ಲ, ನಿನ್ನದಕ್ಕೆ ಎಷ್ಟು ಸಿಗುತ್ತದೋ ನೋಡೋಣ.

ಶುಕ್ರವಾರ ಸಂಜೆ ಐದೂವರೆಗೆ, ಹುಡುಗರು ಊಟಕ್ಕೆ ಕೂತಾಗ, ಚೀಲ ಹೆಗಲಿಗೆ ಹಾಕಿಕೊಂಡು ಊಟದ ಮನೆಗೆ ಹೋದ. ವಾರದ ಕೊನೆ ಎಂದು ಮೇಜಿನ ಮೇಲೆ ಬಿಯರ್ ಇತ್ತು. ಗ್ಯುತೇ ಎರಡೂ ಕೈಯಿಂದ ತಕ್‌ನ ಲೋಟಕ್ಕೆ ಸುರಿಯುತ್ತಿದ್ದ. ರುಫಿನೊನನ್ನು ಕಂಡು ತಕ್ ಎದ್ದು ನಿಂತ. ಅವನು ಎದ್ದನೆಂದು ಎಲ್ಲರೂ ಎದ್ದರು.

"ಕೂತ್ಕೊಳ್ಳಿ," ಅಂದ ರುಫಿನೊ. "ಪಾಠ ಮಾಡಕ್ಕೆ ಬಂದಿಲ್ಲ. ನಾನು ಕಾಲೇಜು ಮುಗಿಸಿಲ್ಲ, ನಿಜ. ಅದನ್ನ ನಿಮ್ ದೊಡ್ಡಣ್ಣಂಗೆ ಹೇಳಿದ್ದು ಯಾವಾಗ ಗೊತ್ತಾ? ಅವನೂ ಓದಿಲ್ಲ ಅಂತ ನಂಗೆ ಹೇಳಿದಾಗ. ಹದಿನಾರಕ್ಕೆ ಶಾಲೆ ಬಿಟ್ಟೋನು. ಇಂಜಿನಿಯರೂ ಅಲ್ಲ, ಮುಖ್ಯಸ್ಥನೂ ಅಲ್ಲ. ಕೈ ನೋಡಿ ಬೇಕಾದ್ರೆ."

ಯಾರೂ ತಕ್‌ನ ಕೈ ನೋಡಲಿಲ್ಲ. ಎಲ್ಲರೂ ತಮ್ಮ ತಮ್ಮ ತಟ್ಟೆ ನೋಡಿದರು. ಗ್ಯುತೇ ಬಹಳ ಮೆತ್ತಗೆ, ಬಹಳ ಮರ್ಯಾದೆಯಿಂದ ಹೇಳಿದ: "ಟೀಚರ್, ನಿಮಗೆ ಬೇಜಾರಾಗಿದೆ, ಅರ್ಥ ಆಗುತ್ತೆ. ಆದ್ರೆ ದಯವಿಟ್ಟು ದೊಡ್ಡೋರ ಬಗ್ಗೆ ಹೀಗೆಲ್ಲ ಹೇಳ್ಬೇಡಿ. ಸುಳ್ಳು ಕಾಗದ ಇಟ್ಕೊಂಡಿದ್ದೋರು ನೀವು."

"ಸುಳ್ಳು ಕಾಗದ ಇಟ್ಕೊಂಡಿರ್ಲಿಲ್ಲ ಕಣೋ. ಕಾಗದವೇ ಇರ್ಲಿಲ್ಲ."

ಒಂದಿಬ್ಬರು ನಕ್ಕು, ಕೆಮ್ಮಿ ಮುಚ್ಚಿಕೊಂಡರು.

ರುಫಿನೊ ತಕ್‌ನ ಕಡೆ ತಿರುಗಿದ. "ಹೋಗ್ಲಿ. ಕೊನೇ ಪಾಠ ಇದು. ನೀವು ಸೋತ ಒಂದು ಸಂದರ್ಭ ಹೇಳಿ ಮನೋಂಗ್."

ಊಟದ ಮನೆಯಲ್ಲಿ ಚಮಚದ ಸದ್ದೂ ನಿಂತಿತು. ಒಂದು ನಿಜ ಸಾಕಾಗಿತ್ತು. ಹೌದು ಎಂಬ ಒಂದು ಪದ ಸಾಕಾಗಿತ್ತು. ಆಗ ಕೆಲಸ ಹೋದದ್ದನ್ನೂ ರುಫಿನೊ ಮರೆತುಬಿಡುತ್ತಿದ್ದನೇನೋ.

ತಕ್ ಗಂಟಲು ಸರಿಮಾಡಿಕೊಂಡ.

"ನಾನು ವಿಶ್ವವಿದ್ಯಾಲಯದಲ್ಲಿ ಹಡಗು ನಿರ್ಮಾಣ ಓದಿದ್ದೇನೆ," ಅಂದ ಇಂಗ್ಲಿಷಿನಲ್ಲಿ. "ಇಪ್ಪತ್ತು ವರ್ಷ ನನ್ನ ಕೈಕೆಳಗೆ ಅರವತ್ತು ಜನ ಇದ್ದರು. ನಾನು ಸೋತದ್ದು ಒಮ್ಮೆ, ಒಬ್ಬ ಮನುಷ್ಯನನ್ನು ಸರಿಯಾಗಿ ತಪಾಸಣೆ ಮಾಡದೆ ನಂಬಿದಾಗ. ಅದರಿಂದ ಪಾಠ ಕಲಿತಿದ್ದೇನೆ. ದಯವಿಟ್ಟು ಈ ವಿಷಯವನ್ನು ಇಲ್ಲಿಗೇ ಬಿಡೋಣ."

ಎಲ್ಲೂ ತಡವರಿಸಲಿಲ್ಲ. ಪದ ಹುಡುಕಲಿಲ್ಲ. ಮೂರು ತಿಂಗಳಲ್ಲಿ ಮೊದಲ ಬಾರಿಗೆ ಆ ಪ್ರಶ್ನೆಗೆ ಆತನ ಬಾಯಿಂದ ಪೂರ್ತಿ ಉತ್ತರ ಬಂದಿತ್ತು, ಮೂರು ಕಾಲಿನ ಮೇಲೆ, ಅಲ್ಲಾಡದೆ. ಹುಡುಗರು ಚಪ್ಪಾಳೆ ತಟ್ಟುವುದೊಂದು ಬಾಕಿ. ಹತ್ತಕ್ಕೆ ಒಂಬತ್ತು ಎಂದುಕೊಂಡಿತು ರುಫಿನೊನೊಳಗಿನ ಮೇಷ್ಟ್ರು, ನಾಚಿಕೆಗೆಟ್ಟ ಪ್ರಾಣಿ.

ಆಮೇಲೆ ತಕ್ ಲೋಟ ಎತ್ತಿದ, ಮುಖವನ್ನು ಪೂರ್ತಿ ಪಕ್ಕಕ್ಕೆ ತಿರುಗಿಸಿದ, ಗೋಡೆ ನೋಡುತ್ತಾ ಕುಡಿದ. ಐವತ್ತನಾಲ್ಕರವನು ಇಪ್ಪತ್ತಾರರವನ ಮುಂದೆ. ಹುಡುಗರಿಗೆ ಅರ್ಥವಾಗಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿದರು. ರುಫಿನೊನಿಗೆ ಅರ್ಥವಾಯಿತು. ಮೇಷ್ಟ್ರು ಯಾವಾಗಲೂ ಮೇಲೆ. ಗೋಡೆಗೆ ಕಾಣುವಂತೆ ಕೊಟ್ಟ ಮರ್ಯಾದೆಯನ್ನು ಯಾವ ಜೇಬಿನಲ್ಲಿಟ್ಟುಕೊಳ್ಳುವುದು? ಬೆನ್ನು ತಿರುಗಿಸಿ ಹೊರಬಿದ್ದ. ಹಿಂದೆ ಕುರ್ಚಿಗಳು ಸರಿದ ಸದ್ದು, ಮತ್ತೆ ಚಮಚಗಳ ಸದ್ದು.

ಇಟೊಗೊನ್ ಜೀಪ್ನಿಯಲ್ಲಿ ಅವನಿಗೆ ತನ್ನ ಬಗ್ಗೆಯೇ ಅಸಹ್ಯ ಹುಟ್ಟಿತು. ಮನೆಯ ಹೊಸ್ತಿಲ ಮೇಲೆ ಹೇಳಿದ್ದನ್ನು ಊಟದ ಮನೆಯಲ್ಲಿ ಒದರಿ ಬಂದಿದ್ದ. ಯಾರೂ ನಂಬಲಿಲ್ಲ, ಅದು ಬೇರೆ ಮಾತು. ನಂಬಿದ್ದರೆ ಹಿಗ್ಗುತ್ತಿದ್ದ, ಅದೂ ಗೊತ್ತಿತ್ತು. ಆ ಸಿಟ್ಟೂ ಸೇರಿ ತಕ್‌ನ ಮೇಲೆಯೇ ಬಿತ್ತು. ಕೆಲಸ ಕಿತ್ತುಕೊಂಡದ್ದಲ್ಲದೆ ನನ್ನನ್ನೂ ತನ್ನಂಥವನನ್ನಾಗಿ ಮಾಡಿಬಿಟ್ಟ.

ಮನೆಗೆ ಬಂದಾಗ ಅವ್ವ ಅಕ್ಕಿ ಆರಿಸುತ್ತಿದ್ದಳು. ಒಲೆ ಇನ್ನೂ ಹೊತ್ತಿರಲಿಲ್ಲ. "ಭಾನುವಾರ ನಿನ್ ಮನೋಂಗ್ ಬರ್ತಾರಾ? ಕೋಳಿ ಹಿಡೀಲಾ?"

"ಬರಲ್ಲ."

ಅವನು ಚೀಲ ಇಳಿಸಿ, ಅಪ್ಪನ ಸುತ್ತಿಗೆ ತೆಗೆದುಕೊಂಡು ಒಲೆಯಿಂದ ಮುಕ್ಕಾಲಿಯನ್ನು ಎಳೆದ. ಹೊರಗಿನ ಕಲ್ಲಿನ ಮೇಲೆ ಮಗುಚಿ ಹಾಕಿ, ಬೆಸುಗೆ ಹಾಕಿದ ಕಾಲಿಗೆ ಗುರಿಯಿಟ್ಟು ಹೊಡೆದ. ಜಡೆಯ ಹಾಗಿದ್ದ ಗೆರೆ ಮಸಿ ಹಿಡಿದು ಕಪ್ಪಾಗಿತ್ತು. ಮತ್ತೆ ಹೊಡೆದ. ಒಡೆದು ನೋಡಬೇಕಿತ್ತು ಅವನಿಗೆ, ಒಳಗೆ ಪೊಳ್ಳಿದೆ ಎಂದು. ಒಂದು ಗುಳ್ಳೆ, ಒಂದು ಬಿರುಕು ಸಿಕ್ಕರೆ ಸಾಕಿತ್ತು, ತಕ್‌ನ ಕೈ ಕೂಡ ಸುಳ್ಳು ಎಂದು ಹೇಳಿಕೊಳ್ಳಲು. ಹತ್ತು ಹೊಡೆತಕ್ಕೆ ಆ ಕಾಲು ಬಾಗಿತು, ಬೆಸುಗೆ ಬಿಡಲಿಲ್ಲ. ಹದಿನೈದಕ್ಕೆ ಪಕ್ಕದ ಹಳೆಯ ಕಾಲು ಕಳಚಿ ಬಿತ್ತು, ಅಂಗಡಿಯವನು ಬೆಸೆದ ಕಾಲು. ತಕ್ ಬೆಸೆದದ್ದು ಹಾಗೇ ಇತ್ತು.

ಅಂಗೈ ಸುಲಿದು ರಕ್ತ ಬಂದಿತ್ತು. ಅವ್ವ ಬಾಗಿಲಲ್ಲಿ ಅಕ್ಕಿಯ ಮೊರ ಹಿಡಿದು ನಿಂತಿದ್ದಳು. ಯಾಕೆ ಎಂದು ಕೇಳಲಿಲ್ಲ. ಗಣಿಯವರ ಮನೆಯಲ್ಲಿ ಸುತ್ತಿಗೆ ಹಿಡಿದ ಗಂಡಸನ್ನು ಯಾರೂ ಏನೂ ಕೇಳುವುದಿಲ್ಲ.

"ಮುಗೀತಾ?" ಅಂದಳು. 

ಅವನು ಸುತ್ತಿಗೆಯನ್ನು ಕಲ್ಲಿನ ಪಕ್ಕಕ್ಕಿಟ್ಟ.

"ಮುಗಿದಿದ್ರೆ ಒಳಗೆ ತಾ. ಅನ್ನಕ್ಕೆ ಇಡ್ಬೇಕು. ಬಿದ್ದ ಕಾಲಿಗೆ ಒಂದು ಕಲ್ಲೂ ತಗೊಂಡ್ ಬಾ."

ರುಫಿನೊ ಕತ್ತಲಾಗುವ ಮೊದಲು ಅಂಗಳದಲ್ಲಿ ಸರಿಯಾದ ಎತ್ತರದ ಒಂದು ಕಲ್ಲು ಹುಡುಕತೊಡಗಿದ.